ಎನ್ಯಾಂಗಳ ಪೆಟ್ಟಿಗೆಗೆ ಒಂದು ಕೂಲರ್

ಎನ್ಯಾಂಗ್ ಮೂವತ್ತು ವರ್ಷ ಮನೆಮನೆಗೆ ಹೋಗಿ ಇಸ್ತ್ರಿ ಮಾಡಿದವಳು. ಅವಳು ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಮದುವೆಯಾದವರೂ ಅವಳ ಊರು ಮರಿಕಿನಾದಲ್ಲಿದ್ದಾರೆ, ಚುನಾವಣೆ ಸೋತವರೂ ಇದ್ದಾರೆ. ಅರವತ್ತು ದಾಟಿದ ಮೇಲೆ ಬೀದಿ ಸುತ್ತುವುದು ಸಾಕೆನಿಸಿ, ವಿದೇಶದಿಂದ ಬರುವ ಹಳೆ ಬಟ್ಟೆಯ ಮೂಟೆ ತರಿಸಿಕೊಂಡು ಕಂಪ್ಯೂಟರಿನಲ್ಲಿ ಲೈವ್ ಮಾರಾಟಕ್ಕೆ ಕೂತಳು. ಬೀದಿಯ ಇಂಟರ್ನೆಟ್ ಅಂಗಡಿ ಮುಚ್ಚಿದಾಗ ಅಗ್ಗಕ್ಕೆ ಸಿಕ್ಕ ಕಂಪ್ಯೂಟರ್ ಅದು. ಕ್ಯಾಮೆರಾದ ಮುಂದೆಯೇ ಬಟ್ಟೆಗೆ ಇಸ್ತ್ರಿ ಹಾಕುವುದು, ಎತ್ತಿ ತೋರಿಸುವುದು, ಹರಟುವುದು. ನೋಡುವವರಲ್ಲಿ ಮೊದಲು "ನಂದು" ಎಂದು ಬರೆದವರಿಗೆ ಬಟ್ಟೆ. ಬಾಯಿ ಚುರುಕಾಗಿದ್ದುದರಿಂದ ವ್ಯಾಪಾರವೂ ಚೆನ್ನಾಗಿಯೇ ಕುದುರಿತು.

ಏಪ್ರಿಲ್ ಬಂತು ನೋಡಿ, ಕಂಪ್ಯೂಟರ್ ಮಾರಾಟದ ನಡುವೆಯೇ ಪಟ್ಟಂತ ಆರಿಹೋಗತೊಡಗಿತು. ಹೋದರೆ ಹೋಗಲಿ, ಸಮಯ ನೋಡಿಕೊಂಡು ಹೋಗಬಾರದೇ! ಪಕ್ಕದೂರು ಕಾಯಿಂತಾದ ಗ್ಲೋರಿಂಗ್ ಎಂಬ ಗಿರಾಕಿ "ಅಂಗಿಯ ಬೆನ್ನು ತೋರ್ಸು" ಎಂದು ಬರೆದ ಗಳಿಗೆಗೇ ಎರಡು ಸಲ ಹೋಯಿತು. ಮತ್ತೆ ಹಚ್ಚುವಷ್ಟರಲ್ಲಿ ಗ್ಲೋರಿಂಗ್ ಎಲ್ಲರಿಗೂ ಕಾಣುವಂತೆ ಬರೆದಾಗಿತ್ತು: "ಕಲೆ ಇದೆಯಾ ಅಂತ ಕೇಳಿದ್ರೆ ಸಾಕು, ಇವಳ ಮನೇಲಿ ಕತ್ತಲೆ."

ಎನ್ಯಾಂಗಳಿಗೆ ಊಟ ಸೇರಲಿಲ್ಲ.

"ಮೂವತ್ತು ವರ್ಷದಲ್ಲಿ ಒಬ್ಬರ ಗುಂಡಿ ಕಳೆದಿಲ್ಲ ನಾನು. ನನ್ನನ್ನ ಕಳ್ಳಿ ಅಂತಾಳೆ!"

"ಕಳ್ಳಿ ಅಂದಿಲ್ಲ ಕಣೆ," ಎಂದ ಗಂಡ ಕಾಂಡಿಡೊ.

"ಅನ್ನೋ ಹಾಗೆ ಅಂದ್ಳಲ್ಲ!"

ಭಾನುವಾರ ಮತ್ತೆ ಮಾರಾಟವಿತ್ತು. ಇನ್ನೊಂದು ಸಲ ಕಂಪ್ಯೂಟರ್ ಆರಿದರೆ ತನ್ನ ಹೆಸರೂ ಅದರ ಜೊತೆಗೇ ಹೋಯಿತೆಂದು ಅವಳಿಗೆ ಗೊತ್ತಿತ್ತು. ಶನಿವಾರ ಬೆಳಿಗ್ಗೆಯೇ ಸಿಪಿಯು ಪೆಟ್ಟಿಗೆಯನ್ನು ಹೊದಿಕೆಯಲ್ಲಿ ಸುತ್ತಿ, ಜೀಪ್ನಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರ್ ಅಂಗಡಿಗಳ ಗಿಲ್ಮೋರ್ ಬೀದಿಗೆ ಬಂದಳು. ಅಷ್ಟು ಬೇಗ ಬಂದದ್ದು ಸುಮ್ಮನಲ್ಲ. ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಧೈರ್ಯ ಯಾವ ಅಂಗಡಿಯವನಿಗೂ ಇಲ್ಲ.

"ಬೋಣಿ ನಂದೇ!" ಎಂದಳು.

"ಅಮ್ಮಾ, ಇನ್ನೂ ಶಟರ್ ಪೂರ್ತಿ ಎತ್ತಿಲ್ಲ," ಎಂದ ಅಂಗಡಿಯ ಜೆರಿಕ್.

"ಅರ್ಧ ಎತ್ತಿದ್ದೀಯಲ್ಲ, ಅರ್ಧ ರೇಟಿಗೆ ಕೊಡು."

ಜೆರಿಕ್ ನಗುತ್ತಲೇ ಹೊದಿಕೆ ಬಿಚ್ಚಿದ. ಒಳಗೆ ಪೆಟ್ಟಿಗೆಗೆ ದಪ್ಪನೆಯ ಟವೆಲ್ ಬೇರೆ ಬಿಗಿದಿತ್ತು.

"ಇದೇನಮ್ಮಾ, ಪೆಟ್ಟಿಗೆಗೆ ಬಾಣಂತನವಾ?"

"ಪಾಸ್ಮಾ ಆಗ್ಬಾರ್ದಲ್ಲಪ್ಪಾ! ಇಸ್ತ್ರಿ ಮಾಡಿದ ಬಿಸಿ ಕೈಗೆ ತಣ್ಣೀರು ತಾಗಿದ್ರೆ ನರ ಹಿಡಿದು ಕೈ ನಡುಗಲ್ವಾ? ಇದೂ ಕಾದಿರುತ್ತೆ. ನನ್ನ ಫ್ಯಾನಿನ ಗಾಳಿ ಬಡಿಯದ ಹಾಗೆ ಹೊದಿಸ್ತೀನಿ. ಜಾಸ್ತಿ ಕಾದ ದಿನ ಎರಡು ಟವೆಲ್."

ಜೆರಿಕ್ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ನಕ್ಕ. ಇವನ ತಾಯಿಯೂ ಪಾಸ್ಮಾದ ಭಯಕ್ಕೆ ಕೆಲಸದಿಂದ ಬಂದ ಮಗನಿಗೆ ಕೈ ತೊಳೆಯಲು ಬಿಡದವಳೇ. ಹಾಗಾಗಿ ತುಂಬ ಹೊತ್ತು ನಗಲು ಆಗಲಿಲ್ಲ.

"ಪಾಸ್ಮಾ ನರ ಇರೋರಿಗೆ ಅಮ್ಮಾ. ಇದಕ್ಕೆ ನರ ಎಲ್ಲಿದೆ?"

"ಇದೇನು ಮತ್ತೆ?" ಅವಳು ಗಾಜಿನ ಹಿಂದೆ ಮಾರಾಟಕ್ಕಿದ್ದ, ಕಂಪ್ಯೂಟರಿನೊಳಗೆ ಕೂರಿಸುವ ಕೂಲರಿನ ತಾಮ್ರದ ಕೊಳವೆಗಳನ್ನು ತೋರಿಸಿದಳು.

ಜೆರಿಕ್ ಬೇರೆ ದಾರಿ ಹಿಡಿದ. "ಸರಿ, ನರಾನೇ ಅನ್ನಿ. ಆದ್ರೆ ಈ ಏಪ್ರಿಲ್‌ನಲ್ಲಿ ತಣ್ಣನೆ ಗಾಳಿ ಎಲ್ಲಿಂದ ತರ್ತೀರಾ? ಕೂಲರ್ ಬೀಸೋದು ನಾವು ಉಸಿರಾಡೋ ಈ ಬೆಚ್ಚನೆ ಗಾಳೀನೇ. ಒಳಗಿನ ಕಾವು ಹೊರಗೆ ಹಾಕುತ್ತೆ, ಅಷ್ಟೆ. ನೀವು ಆ ದಾರೀನೇ ಮುಚ್ಚಿದ್ದೀರಿ."

ಎನ್ಯಾಂಗ್ ಬೆವರೊರೆಸಿಕೊಂಡು ಯೋಚಿಸಿದಳು. ತಣ್ಣನೆಯ ಗಾಳಿ ಎಲ್ಲೂ ಇಲ್ಲವೆಂಬುದನ್ನಂತೂ ಒಪ್ಪಲೇಬೇಕಿತ್ತು.

"ಟವೆಲ್ ತೆಗೆದ್ರೆ ಅರ್ಧ ಜ್ವರ ಇಳಿಯುತ್ತೆ," ಎಂದ ಜೆರಿಕ್ ಪೆಟ್ಟಿಗೆ ಬಿಚ್ಚಿ ಒಳಗೆ ನೋಡುತ್ತ. "ಆದ್ರೆ ಒಳಗಿನ ಹಳೇ ಫ್ಯಾನು ಸವೆದಿದೆ, ಕಾವು ಎಳೆಯೋಕೆ ಚಿಪ್‌ಗೆ ಹಚ್ಚೋ ಪೇಸ್ಟೂ ಒಣಗಿ ಹೋಗಿದೆ. ಕೂಲರ್ ಬೇಕೇ ಬೇಕು."

ಅವಳ ಕಣ್ಣು ಏಳು ಬಣ್ಣದಲ್ಲಿ ಮಿನುಗುವ ಒಂದು ಎತ್ತರದ ಕೂಲರಿನ ಮೇಲೆ ಬಿತ್ತು. ಬಟ್ಟೆ ಅಳೆಯುವ ಟೇಪು ಹೇಗೂ ಕೊರಳಲ್ಲೇ ಇತ್ತು. ಕೂಲರ್ ಆರು ಇಂಚು, ಪೆಟ್ಟಿಗೆಯೊಳಗಿನ ಜಾಗ ಐದೂವರೆ.

"ಸೊಂಟ ಹಿಡಿಯುತ್ತೆ," ಎಂದು ಒಲ್ಲದ ಮನಸ್ಸಿನಿಂದ ಕೆಳಗಿಟ್ಟಳು.

ಎಲ್ಲಕ್ಕಿಂತ ಅಗ್ಗದ, ಚಪ್ಪಟೆಯಾದ ಇನ್ನೊಂದನ್ನು ಎತ್ತಿದರೆ ಜೆರಿಕ್ ಕೈ ಅಡ್ಡ ಹಿಡಿದ. "ಇದು ನಿಮ್ಮ ಹಳೇದರ ತಮ್ಮ. ದುಡ್ಡು ದಂಡ." ಆಮೇಲೆ ಮೂಲೆಯಿಂದ ಗಿಡ್ಡನೆಯ ಕಪ್ಪು ಕೂಲರ್ ತಂದ: ನಾಲ್ಕು ಕೊಳವೆ, ಒಂದೇ ಫ್ಯಾನು, ಮೇಲೆ ಒತ್ತೊತ್ತಾಗಿ ಅಲ್ಯೂಮಿನಿಯಂ ಹಾಳೆಗಳು. ಟೇಪಿಗೆ ಐದು ಇಂಚು ಬಂತು.

"ಒಂದು ಬಣ್ಣಾನೂ ಇಲ್ವಲ್ಲೋ, ಶವಸಂಸ್ಕಾರಕ್ಕೆ ಹೊರಟ ಹಾಗಿದೆ."

"ಬಣ್ಣ ನಿಮ್ಮ ಬಟ್ಟೇಲಿ ಇರ್ಲಿ ಅಮ್ಮಾ. ಇದು ಒಳಗೆ ಕೂತು ದುಡಿಯೋದು."

ಆ ಮಾತು ಅವಳಿಗೆ ಹಿಡಿಸಿತು. ಚೌಕಾಸಿ ಮಾಡಿ, ಪೇಸ್ಟನ್ನು ಪುಕ್ಕಟೆ ಹಾಕಿಸಿಕೊಂಡು, ಅಲ್ಲೇ ಕೂರಿಸಲು ಹೇಳಿದಳು. ಜೆರಿಕ್ ಮಿಕ್ಕದ್ದೂ ಮಾರಿಹೋಗಲೆಂದು ಬೋಣಿಯ ನೋಟುಗಳನ್ನು ಅಂಗಡಿಯ ಎಲ್ಲ ಡಬ್ಬಗಳಿಗೂ ಒಮ್ಮೊಮ್ಮೆ ತಾಗಿಸಿಯೇ ಗಲ್ಲಾಪೆಟ್ಟಿಗೆಗೆ ಹಾಕಿದ.

ಭಾನುವಾರ ಮಧ್ಯಾಹ್ನ ತಗಡಿನ ಮಾಡು ಕಾದು ಕೆಂಡವಾಗಿತ್ತು. ಎನ್ಯಾಂಗ್ ಲೈವ್ ಹಚ್ಚಿದಳು. ಲಂಗ ಹೋಯಿತು, ಜಾಕೆಟ್ಟು ಹೋಯಿತು, ಪೆಟ್ಟಿಗೆ ಮಾತ್ರ ಆರಲಿಲ್ಲ. ಅವಳ ದನಿ ಏರಿತು, ತಮಾಷೆಗಳು ಏರಿದವು. ಬಿಳಿ ಲಿನನ್ ಅಂಗಿಯೊಂದರ ಮುಂಭಾಗಕ್ಕೆ ಇಸ್ತ್ರಿ ಎಳೆದು ಎತ್ತಿ ಹಿಡಿದಳು.

ಗ್ಲೋರಿಂಗ್ ಬರೆದಳು: "ಬೆನ್ನು ತೋರ್ಸು."

"ತೋರಿಸ್ದೆ ಏನು? ಕಣ್ತುಂಬ ನೋಡು!" ಎಂದು ಠೀವಿಯಿಂದ ಅಂಗಿ ತಿರುಗಿಸಿದವಳು ತಾನೇ ಮೊದಲು ನೋಡಿದಳು. ಕಾಲರಿನ ಕೆಳಗೆ ಬೆರಳಗಲದ ನೀಲಿ ಶಾಯಿ. ಮೂಟೆ ಬಿಚ್ಚುವಾಗ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಈಗಲಾದರೂ ಒಮ್ಮೆ ಆರಿಹೋಗಬಾರದೇ ಎಂದು ಪೆಟ್ಟಿಗೆಯ ಕಡೆ ನೋಡಿದಳು. ಅದು ಏನೂ ಆಗದಂತೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

ಎನ್ಯಾಂಗ್ ಅಂಗಿಯನ್ನು ಕ್ಯಾಮೆರಾಕ್ಕೆ ಹತ್ತಿರ ಹಿಡಿದಳು. ಪರದೆ ತುಂಬ ಕಲೆಯೇ ಕಂಡಿತು.

"ಇದೆ ಗ್ಲೋರಿಂಗ್, ಕಲೆ ಇದೆ. ನಾನು ನೋಡಿರ್ಲಿಲ್ಲ, ತಪ್ಪು ನಂದೇ. ಎಲ್ಲಾರೂ ನೋಡ್ಕೊಳ್ಳಿ. ಇದು ಮಾರಾಟಕ್ಕಿಲ್ಲ, ಮುಂದಿಂದು ತೆಗೀತೀನಿ."

ಎನ್ಯಾಂಗ್ ಅಂಗಿ ಮಡಚತೊಡಗಿದಳು. ಅಷ್ಟರಲ್ಲಿ ಕಾಯಿಂತಾದಿಂದ ಒಂದು ಪದ ಬಂತು:

"ನಂದು."

ಅದರ ಬೆನ್ನಿಗೇ ಇನ್ನೊಂದು ಸಾಲು: "ಎತ್ತಿಡು ಅದನ್ನ, ಬೇರೆಯವರಿಗೆ ಕೊಟ್ಟೀಯ ಮತ್ತೆ. ಮಿಕ್ಕಿದ್ದನ್ನೂ ತೋರ್ಸು ಅಕ್ಕಾ. ಬೆನ್ನು ತೋರ್ಸೋದೇನೂ ಬೇಡ."