ಮಗಳ ಬೂಟಿನ ಲಾಳ

ಅವರನ್ನು ಬೀದಿಯವರೆಲ್ಲ ಮಿಲಿಟರಿ ಮಾವ ಅನ್ನುತ್ತಿದ್ದರು, ಅವರ ಹೆಂಡತಿಯನ್ನು ಅತ್ತೆ. ಮಾವ ಹದಿನೇಳು ವರ್ಷ ಸೈನ್ಯದಲ್ಲಿದ್ದವರು. ಹನ್ನೊಂದು ವರ್ಷ ಸಿಪಾಯಿಗಳ ಬೂಟು ಹೊಲಿದು, ಕಡೆಗೆ ಫಿರಂಗಿಯ ಪಕ್ಕ ನಿಂತು, ಎರಡು ಕಿವಿಯನ್ನೂ ಅಲ್ಲೇ ಬಿಟ್ಟು ಬಂದರು. ಹತ್ತಿರ ಹೋಗಿ ಕೂಗಿದರೆ ಬಲಗಿವಿಗೆ ಒಂದಿಷ್ಟು ಕೇಳುತ್ತಿತ್ತು, ಅಷ್ಟೆ. ಊರಿಗೆ ಬಂದವರು ಗಡಿಯಾರದ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವಿನ ಸಣ್ಣ ಕೋಣೆ ಹಿಡಿದು ಬೂಟಿನ ಅಂಗಡಿ ಇಟ್ಟರು. ಗಿರಣಿಯ ಗಲಾಟೆಗೆ ಹೆದರಿ ಆ ಕೋಣೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ಇವರಿಗೇನು, ಗಿರಣಿ ತಿರುಗಿದರೂ ಒಂದೇ, ನಿಂತರೂ ಒಂದೇ.

ಕೆಲಸ ಮಾತ್ರ ಗಟ್ಟಿ. ಯಾರ ಬೂಟೇ ಆಗಲಿ, ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಯದೆ ಕೊಡುತ್ತಿರಲಿಲ್ಲ. ಶಾಲೆಯ ಮೇಷ್ಟ್ರು ಒಮ್ಮೆ, "ಮಾವ, ನಾನು ಹೋಗೋದು ಪಾಠ ಹೇಳೋಕೆ, ಯುದ್ಧಕ್ಕಲ್ಲ," ಎಂದು ಕೂಗಿದ್ದಕ್ಕೆ, "ನಿಮ್ಮ ಶಾಲೆ ಮಕ್ಕಳನ್ನ ನೋಡಿದೀನಿ, ಎರಡೂ ಒಂದೇ," ಅಂದು ಇನ್ನೆರಡು ಮೊಳೆ ಜಾಸ್ತಿ ಹೊಡೆದರಂತೆ.

ಇಂಥವರ ಒಬ್ಬಳೇ ಮಗಳಿಗೆ ಹುಟ್ಟಿದಾಗಿನಿಂದ ಎಡಗಾಲು ಎರಡು ಬೆರಳಿನಷ್ಟು ಗಿಡ್ಡ. ಮಾವ ಎಡಗಡೆಯ ಅಟ್ಟೆ ಎತ್ತರ ಮಾಡಿ ಅವಳಿಗೆ ಬೂಟು ಹೊಲಿಯುತ್ತ ಬಂದರು. ಶಾಲೆ ಮುಗಿಯುವವರೆಗೆ ಹಾಕಿಕೊಂಡಳು, ಆಮೇಲೆ ಬಿಟ್ಟಳು. ತೆಳ್ಳನೆ ಚಪ್ಪಲಿ ಮೆಟ್ಟಿ ಎಡಗಾಲಿನ ತುದಿಯ ಮೇಲೆ ನಡೆಯುತ್ತಿದ್ದಳು. ಇಪ್ಪತ್ತೆರಡಕ್ಕೇ ಸೊಂಟ ಹಿಡಿಯತೊಡಗಿತು. "ಹೀಗೇ ನಡೆದ್ರೆ ಸೊಂಟದ ಕೀಲು ಸವೆದು ಹೋಗುತ್ತೆ, ಆಮೇಲೆ ಕೋಲೇ ಗತಿ," ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಅದೇ ಹೊತ್ತಿಗೆ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ದಿನವಿಡೀ ಕಪಾಟಿನಿಂದ ಕಪಾಟಿಗೆ ಓಡಾಡುವ ಕೆಲಸ. ಸೇರಲು ಹತ್ತು ದಿನ ಇತ್ತು.

ಮಾವ ಹೊಸ ಜೊತೆ ಹೊಲಿದು ತಂದು ಮುಂದಿಟ್ಟರು.

"ಹಾಕ್ಕೊಂಡು ನೋಡಮ್ಮ. ಹತ್ತು ವರ್ಷ ಬಾಳುತ್ತೆ."

"ಅದೇ ಭಯ ನನಗೆ!" ಮಗಳು ಅವರ ಬಲಗಿವಿಗೆ ಬಾಯಿಟ್ಟು ಕೂಗಿದಳು. "ಸದ್ದು ಮಾಡುತ್ತಪ್ಪ ಇದು! ಕುಂಟಿ ಬಂದ್ಲು ಅಂತ ನಾಲ್ಕು ಮನೆ ಆಚೆಗೇ ಗೊತ್ತಾಗುತ್ತೆ. ಅದು ಲೈಬ್ರರಿ, ಅಲ್ಲಿ ಕೆಮ್ಮಿದ್ರೂ ತಿರುಗಿ ನೋಡ್ತಾರೆ!" ಅಷ್ಟು ಹೇಳಿ ಒಳಗೆ ಹೋದಳು.

ಮಾವ ಹೆಂಡತಿಯ ಮುಖ ನೋಡಿದರು. "ಏನು ಸದ್ದು? ಎರಡು ಕಾಲಿಗೂ ಒಂದೇ ಲಾಳ ತಾನೇ?"

ಬಟಾಣಿ ಸುಲಿಯುತ್ತಿದ್ದ ಅತ್ತೆ ಕೈ ಒರೆಸಿಕೊಂಡು ಎದ್ದರು. ಗಂಡನ ಬೆನ್ನ ಹಿಂದೆ ನಿಂತು, ಮಡಚಿದ ಬೆರಳಿನಿಂದ ಬೆನ್ನಿಗೆ ಬಡಿದರು. ಒಂದು ಹಗುರ, ಒಂದಿಷ್ಟು ತಡೆದು, ಒಂದು ಭಾರ. ಮತ್ತೆ ಹಗುರ, ಮತ್ತೆ ತಡೆದು ಭಾರ. ಮಗಳು ಬೀದಿ ಬಾಗಿಲಿನಿಂದ ಅಡುಗೆಮನೆಗೆ ಬರುವಷ್ಟು ಹೊತ್ತು ಬಡಿದರು.

ನಾನೂರು ಕಾಲು ಒಂದೇ ಸಲ ನೆಲಕ್ಕೆ ಬೀಳುವ ಸಾಲಿನಲ್ಲಿ ನಡೆದ ಮನುಷ್ಯ. ಕಿವಿ ಹೋದರೂ ಬೆನ್ನಿಗೆ ಗೊತ್ತಾಯಿತು.

"ಸಾಕು," ಅಂದರು. ಹೆಂಡತಿಯ ಕಡೆ ತಿರುಗಿ, "ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಅತ್ತೆ ಅವರ ಬಲಗಿವಿಗೆ ಬಗ್ಗಿದರು. "ಹೇಳ್ದೆ ಕಣ್ರೀ, ಎರಡು ಸಲ. ನೀವು ಹ್ಞೂಂ ಅಂದ್ರಿ. ನೀವು ಎಲ್ಲದಕ್ಕೂ ಹ್ಞೂಂ ಅಂತೀರಿ."

ಮರುದಿನ ಮಾವ ಅಂಗಡಿಯ ಬಾಗಿಲು ಅರ್ಧ ಮಾತ್ರ ತೆಗೆದರು. ಮಗಳ ಹೊಸ ಬೂಟಿನ ಲಾಳ ಕಿತ್ತರು. ಎಡಗಡೆಯ ದಪ್ಪ ಅಟ್ಟೆಯನ್ನೂ ಕಿತ್ತರು. ಬೇಕಾದ ಎತ್ತರದಲ್ಲಿ ಅರ್ಧಕ್ಕೆ ಹಗುರವಾದ ಬೆಂಡು ಕೊಯ್ದು ಬೂಟಿನ ಒಳಗೇ ಕೂರಿಸಿದರು, ಉಳಿದರ್ಧಕ್ಕೆ ಕೆಳಗೆ ರಬ್ಬರು ಅಂಟಿಸಿದರು. ಮೊದಲ ರಬ್ಬರು ಮೆತ್ತಗಾಗಿ ಕುಸಿಯಿತು. ಎರಡನೆಯದು ಒದ್ದೆ ನೆಲದಲ್ಲಿ ಜಾರಿತು. ಅದಕ್ಕೆ ಅಡ್ಡಡ್ಡ ಗೆರೆ ಕೊಯ್ದರು. ಸದ್ದು ನೋಡುವುದು ಹೇಗೆ? ಮಧ್ಯಾಹ್ನ ಗಿರಣಿ ನಿಂತಾಗ ಗಡಿಯಾರದವನನ್ನು ಕರೆದು, ಬೂಟನ್ನು ಎರಡು ಕೈಗೆ ತೊಟ್ಟು, ಕಲ್ಲಿನ ನೆಲದ ಮೇಲೆ ಅಂಬೆಗಾಲಿಕ್ಕಿದರು. ಗಡಿಯಾರದವನು ಕಣ್ಣು ಮುಚ್ಚಿ ಕೇಳಿ, "ಎಡಗಡೆಯದು ಇನ್ನೂ ಜೋರಾಗಿ ಬೀಳ್ತಿದೆ ಮಾವ," ಎಂದು ಕೈಸನ್ನೆ ಮಾಡಿದ. ಮೂರು ಮಧ್ಯಾಹ್ನ ಹೀಗಾಯಿತು. ನಾಲ್ಕನೆಯ ದಿನ ಅವನು ಕಣ್ಣು ತೆಗೆದು, "ಶುರು ಮಾಡಿ," ಅಂದ. ಮಾವ ಅಷ್ಟರಲ್ಲಿ ಎರಡು ಸುತ್ತು ಮುಗಿಸಿದ್ದರು.

"ಇದು ಎರಡು ವರ್ಷ ಬಂದ್ರೆ ಹೆಚ್ಚು," ಎಂದು ಮಗಳ ಮುಂದಿಟ್ಟರು, ತಪ್ಪು ಒಪ್ಪಿಕೊಳ್ಳುವವರ ಹಾಗೆ. ಅವಳು ಎತ್ತಿಕೊಂಡು ಒಳಗೆ ಹೋದಳು.

ಕೆಲಸಕ್ಕೆ ಸೇರುವ ದಿನ ಹಾಕಿಕೊಂಡೇ ಹೊರಟಳು. ಆದರೆ ಹಳೆಯ ಚಪ್ಪಲಿಯನ್ನು ಚೀಲಕ್ಕೆ ತುರುಕಿದ್ದನ್ನು ಅತ್ತೆ ನೋಡಿದರು, ಗಂಡನಿಗೂ ಹೇಳಿದರು. ತಿರುವು ದಾಟಿದ ಮೇಲೆ ಯಾವುದು ಮೆಟ್ಟುತ್ತಾಳೋ ಯಾರಿಗೆ ಗೊತ್ತು? ಮಾವ ಮಗಳನ್ನು ಏನೂ ವಿಚಾರಿಸಲಿಲ್ಲ. ಊಟ ಮಾತ್ರ ಸೇರುತ್ತಿರಲಿಲ್ಲ.

ಆರನೆಯ ದಿನ ಅವಳು ಕೆಲಸದಿಂದ ನೇರ ಅಂಗಡಿಗೆ ಬಂದು ಎಡಗಾಲಿನ ಬೂಟು ಬಿಚ್ಚಿ ಕೊಟ್ಟಳು. "ಹಿಂದುಗಡೆ ಕಚ್ಚುತ್ತಪ್ಪ! ನಾಳೆಗೆ ಬೇಕು!"

ಮಾವ ಬೂಟು ತಿರುಗಿಸಿ ಬೆಳಕಿಗೆ ಹಿಡಿದರು. ತುದಿಯಲ್ಲಿ ಕೊಯ್ದ ಗೆರೆಗಳು ಹಾಗೇ ಇದ್ದವು. ಹಿಮ್ಮಡಿಯಲ್ಲಿ ಅವುಗಳ ಅಂಚು ಸವೆಯತೊಡಗಿತ್ತು. ಪೂರ್ತಿ ಪಾದ ಊರಿ ನಡೆದಿದ್ದಾಳೆ, ಆರು ದಿನವೂ. ಹೆಬ್ಬೆರಳಿನಿಂದ ಅಲ್ಲೇ ಎರಡು ಸಲ ಸವರಿ, ಕಚ್ಚುವ ಕಡೆಯ ಚರ್ಮಕ್ಕೆ ಎಣ್ಣೆ ಹಚ್ಚಿ ತಿಕ್ಕತೊಡಗಿದರು. ಮಗಳು ಒಂದು ಕಾಲು ಬರಿದು ಮಾಡಿಕೊಂಡು ಸ್ಟೂಲಿನ ಮೇಲೆ ಕೂತು, ಲೈಬ್ರರಿಯ ಸುದ್ದಿಯನ್ನೆಲ್ಲ ಗಿರಣಿಯ ಗಲಾಟೆಗಿಂತ ಜೋರಾಗಿ ಕೂಗಿ ಹೇಳುತ್ತಿದ್ದಳು.