ಬಾಗಿಲ ಕುರ್ಚಿ

ನಮ್ಮ ಕಾರ್ಖಾನೆಯಲ್ಲಿ ಎಣ್ಣೆ ಹತ್ತಿದ ಕಬ್ಬಿಣದ ಬಿಡಿಭಾಗಗಳನ್ನು ಸಾಲ್ವೆಂಟ್ ಎಂಬ ಘಾಟು ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ ತೊಳೆಯುವ ಕೋಣೆಯೊಂದಿದೆ. ಅದರ ಬಾಗಿಲಲ್ಲೊಂದು ಕುರ್ಚಿ, ಕುರ್ಚಿಯಲ್ಲಿ ಮೂಗಿನಕ್ಕ. ಹೆತ್ತವರು ಇಟ್ಟ ಹೆಸರು ಅವಳಿಗೇ ನೆನಪಿತ್ತೋ ಇಲ್ಲವೋ.

ಒಂದು ಕಾಲಕ್ಕೆ ಆ ಮೂಗು ಬಲು ಚುರುಕು. ಗಂಡ ಸತ್ತ ಮೇಲೆ ತಂಗಿಯ ಮನೆ ಸೇರಿದ್ದಳು. ತಂಗಿಯ ಗಂಡ ಕುಡಿದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಬಂದರೂ ಹೊಸ್ತಿಲಲ್ಲೇ ಸಿಕ್ಕಿಬೀಳುತ್ತಿದ್ದ. ಇದನ್ನು ಕೇಳಿದ ಯಜಮಾನರು, ಗಾಳಿ ಅಳೆಯುವ ಯಂತ್ರ ತರುವ ಬದಲು ಇವಳನ್ನೇ ತೊಟ್ಟಿಯ ಕೆಲಸ ಬಿಡಿಸಿ ಬಾಗಿಲಲ್ಲಿ ಕೂರಿಸಿದರು. ಬೆಳಿಗ್ಗೆ ಕದ ತೆರೆದು ಒಂದು ಉಸಿರು ಎಳೆಯುವುದು, ಘಾಟಿದ್ದರೆ ಫ್ಯಾನ್ ಹಾಕಿ ಎಲ್ಲರನ್ನೂ ಹೊರಗೆ ಕಾಯಿಸುವುದು, ಇಲ್ಲದಿದ್ದರೆ ಒಳಗೆ ಬಿಡುವುದು. ಇಷ್ಟೇ ಕೆಲಸ. ನಾವು ನಿಂತು ನಿಂತು ಕಾಲು ಊದಿಸಿಕೊಳ್ಳುವಾಗ ಅವಳು ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದಳು. ಎದುರಿನ ಮೇಜಿನಲ್ಲಿ ಡಬ್ಬ ಕಟ್ಟುವ ನನಗೆ ಅದನ್ನು ನೋಡಿ ಮೈ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಮೂಗು ಯಾವಾಗ ಸತ್ತಿತೋ ಯಾರಿಗೂ ತಿಳಿಯದು. ಒಂದು ಸಂಜೆ ಅಡುಗೆಮನೆಯಲ್ಲಿ ಹಾಲು ತಳ ಹಿಡಿದು ಕರಕಲಾಗುತ್ತಿದ್ದರೆ, ಒಲೆಗೆ ಬೆನ್ನು ಹಾಕಿ ಬಟ್ಟೆ ಮಡಿಸುತ್ತ ಕೂತಿದ್ದಳಂತೆ. ತಂಗಿ ಬೀದಿಯಿಂದಲೇ ವಾಸನೆ ಹಿಡಿದು ಓಡಿಬಂದಳು. ಅಕ್ಕನ ಮುಖ ನೋಡಿದಳು, ಅರ್ಥವಾಯಿತು. ಯಾರಿಗೂ ಹೇಳಬೇಡವೆಂದು ಅಕ್ಕ ಅವಳ ಕೈ ಹಿಡಿದುಕೊಂಡಳು. ಕುರ್ಚಿ ಹೋದರೆ ಮತ್ತೆ ತೊಟ್ಟಿಯೇ ಗತಿ. ತಂಗಿ ಬಾಯಿ ಬಿಡಲಿಲ್ಲ. ಅವಳು ದುಡಿಯುತ್ತಿದ್ದುದೂ ಅದೇ ತೊಟ್ಟಿಯಲ್ಲಿ.

ಅಲ್ಲಿಂದ ಮುಂದೆ ಅಕ್ಕ ಯಜಮಾನರ ಮುಖ ನೋಡಿ ವಾಸನೆ ಹೇಳತೊಡಗಿದಳು. ಅವರಿಗೆ ಅವಸರವಿದ್ದ ದಿನ ಗಾಳಿ ಶುದ್ಧ. ಅವರಿಗೆ ಅವಸರವಿಲ್ಲದ ದಿನ ಯಾವುದಿತ್ತು? ತಂಗಿಗೆ ತಲೆ ಸುತ್ತು ಶುರುವಾಯಿತು, ಬೆರಳು ಜೋಮು ಹಿಡಿದವು, ಕೈಯಿಂದ ಲೋಟ ಜಾರತೊಡಗಿತು. ಫ್ಯಾನ್ ಹಾಕು ಎಂದು ಅಂಗಲಾಚಿದರೆ, ಕೆಲಸ ತಡವಾದರೆ ನನ್ನ ತಲೆಗೇ ಬರುತ್ತದೆ ಎಂದು ಅಕ್ಕ ಮುಖ ತಿರುಗಿಸುತ್ತಿದ್ದಳು. ಒಡಹುಟ್ಟಿದವಳಿಗಿಂತ ಕುರ್ಚಿ ಹೆಚ್ಚಾಯಿತು.

ಕೊನೆಗೆ ಸರಕು ಕೊಳ್ಳುವವರು ಕೆಲಸಗಾರರ ಆರೋಗ್ಯ ತಪಾಸಣೆ ಆಗಲೇಬೇಕೆಂದು ಪಟ್ಟು ಹಿಡಿದರು. ಒಬ್ಬರು ಡಾಕ್ಟರ್ ಮೇಡಂ ಬಂದರು. ಗಾಳಿ ಅಳೆದರು, ಹೆಂಗಸರ ಬೆರಳಿಗೆ ಸೂಜಿ ಮುಟ್ಟಿಸಿ ನೋವಾಗುತ್ತದೆಯೇ ಎಂದು ಕೇಳಿದರು. ನಮ್ಮಲ್ಲಿ ಮೂಗೇ ಯಂತ್ರ ಎಂದು ಯಜಮಾನರು ಜಂಬ ಕೊಚ್ಚಿದರು. ಮೇಡಂ ಮೂಗಿನಕ್ಕನ ಕಣ್ಣು ಮುಚ್ಚಿಸಿ, ಒಂದು ಡಬ್ಬಿಯ ಮುಚ್ಚಳ ತೆಗೆದು ಹಿಡಿದರು. ಆಗಷ್ಟೇ ಹುರಿದು ಪುಡಿ ಮಾಡಿದ ಕಾಫಿ. ನನ್ನ ಮೇಜಿನವರೆಗೂ ಘಮಘಮ.

ಮೂಗಿನಕ್ಕ ಗಂಭೀರವಾಗಿ ಉಸಿರು ಎಳೆದಳು. "ನಮ್ಮ ಸಾಲ್ವೆಂಟೇ. ಆದ್ರೆ ಸ್ವಲ್ಪ ಕಮ್ಮಿ ಇದೆ."

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ನಾನೂ ಹೊಟ್ಟೆ ತುಂಬ ನಕ್ಕೆ. ಅವಳು ಕಣ್ಣು ಬಿಟ್ಟು ಡಬ್ಬಿ ನೋಡಿದಾಗ ನಗು ಇನ್ನೂ ಜೋರಾಯಿತು.

ಮೇಡಂ ಮಾತ್ರ ನಗಲಿಲ್ಲ. ಮೂಗನ್ನು ನಂಬಿ ವಿಷ ಅಳೆಯಬಾರದು, ಕೋಣೆಯ ಗಾಳಿ ಮಿತಿಯನ್ನು ಎಷ್ಟೋ ಪಟ್ಟು ಮೀರಿದೆ, ತೊಟ್ಟಿಯ ಮೇಲೆ ಆವಿ ಎಳೆದು ಹೊರಹಾಕುವ ಕೊಳವೆ ಕೂರಿಸುವವರೆಗೆ ಅಲ್ಲಿ ಯಾರೂ ದುಡಿಯಬಾರದು ಎಂದರು. ತಂಗಿಯ ನರಗಳಿಗೆ ಏಟು ಬಿದ್ದಿದೆ, ಇನ್ನು ಅವಳು ತೊಟ್ಟಿ ಮುಟ್ಟಲೇಕೂಡದು. ಅಕ್ಕನಿಗೆ ವಾಸನೆಯೇ ತಿಳಿಯುವುದಿಲ್ಲ, ಅವಳ ಮಾತು ಕೇಳಿ ಯಾರನ್ನೂ ಒಳಗೆ ಬಿಡಬೇಡಿ ಎಂದೂ ಹೇಳಿದರು.

ಕೊಳವೆಯ ಮಾತು ಯಜಮಾನರ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂತು. ಅಕ್ಕತಂಗಿಯರ ಬಗ್ಗೆ ಮೇಡಂ ಹೇಳಿದ್ದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದರು. ತಂಗಿಯನ್ನು ತೊಟ್ಟಿಯಿಂದ ಬಿಡಿಸಿ ಕುರ್ಚಿಯಲ್ಲಿ ಕೂರಿಸಿದರು, ಅಕ್ಕನ ಕೈಗೆ ತೊಟ್ಟಿಯಲ್ಲಿ ಅದ್ದುವ ಬುಟ್ಟಿ ಕೊಟ್ಟರು.

"ನಿಂಗೆ ಹೇಗೂ ವಾಸನೆ ಬರಲ್ಲ," ಅಂದರು. "ಅಲ್ಲಿಗೆ ನೀನೇ ಸರಿ."

ಮರುದಿನ ತಂಗಿ ಕದ ತೆರೆದಳು. ಘಾಟು ನನ್ನ ಗಂಟಲಿಗೇ ಬಂದು ಬಡಿಯಿತು. ಅವಳ ಕಣ್ಣಲ್ಲಿ ನೀರು ಬಂದಿದ್ದನ್ನೂ ನೋಡಿದೆ. ಅಕ್ಕ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು, ಒಳಗೆ ಹೇಗಿದೆ ಎಂದು ಮೆಲ್ಲಗೆ ಕೇಳಿದಳು. ಹಾಗೆ ಅವಳು ಬೇರೆಯವರನ್ನು ಕೇಳಿದ್ದು ಅದೇ ಮೊದಲು.

ಫ್ಯಾನಿನ ಸ್ವಿಚ್ಚು ತಂಗಿಯ ಪಕ್ಕದಲ್ಲೇ ಇತ್ತು. ಅವಳು ಕಣ್ಣೊರೆಸಿಕೊಂಡು, ಜೋಮು ಹಿಡಿದ ಕೈಗಳನ್ನು ಮಡಿಲಲ್ಲಿಟ್ಟು ಕೂತಳು.

"ಹೋಗಕ್ಕ," ಅಂದಳು. "ನಿಂಗೇನು ಗೊತ್ತಾಗುತ್ತೆ."