ಮುರಿಗೆಪ್ಪನ ಅಂಗೈ

ಮುರಿಗೆಪ್ಪ ಒಳ್ಳೆಯ ಮನುಷ್ಯ ಅಂತ ನಾನು ಹೇಳಿದರೆ ವೈಟ್‌ಫೀಲ್ಡ್ ರಸ್ತೆಯ ಯಾವ ಲಾರಿ ಡ್ರೈವರೂ ನಂಬುವುದಿಲ್ಲ. ಬಾಯಿ ಬಲು ಕೆಟ್ಟದ್ದು. ಹೂಡಿ ಕಡೆ ಅವನದು ಡೀಸೆಲ್ ಇಂಜೆಕ್ಟರ್ ರಿಪೇರಿ ಅಂಗಡಿ, ಪಕ್ಕದ್ದು ನನ್ನ ಬ್ಯಾಟರಿ ಅಂಗಡಿ. ಅವನು ಗಿರಾಕಿಗಳನ್ನು ಬೈಯುವುದು ನನಗೆ ರೇಡಿಯೊ ಇದ್ದ ಹಾಗೆ, ದಿನವಿಡೀ ಕೇಳುತ್ತಿತ್ತು. ಬೇರೆ ಕಡೆ ರಿಪೇರಿ ಮಾಡಿಸಿ ಕೆಡಿಸಿಕೊಂಡು ಬಂದವರನ್ನಂತೂ ಬಿಡುತ್ತಲೇ ಇರಲಿಲ್ಲ. "ಇದನ್ನ ಯಾವ ಕುರುಡ ಬಿಚ್ಯಾನ್ರೀ? ಮೊದಲ ಅವಂಗ ಕಣ್ಣು ತೋರಿಸ್ಕೊಂಡು ಬರ್ರಿ" ಎಂದು ರಸ್ತೆಗೆ ಕೇಳುವ ಹಾಗೆ ಹೇಳುತ್ತಿದ್ದ. ಬೈಸಿಕೊಂಡವನು ಮುಖ ಸಣ್ಣ ಮಾಡಿಕೊಂಡು ಹೋಗಿ, ಮುಂದಿನ ಸಲ ಮತ್ತೆ ಅವನ ಹತ್ತಿರವೇ ಬರುತ್ತಿದ್ದ.

ಬರುತ್ತಿದ್ದದ್ದು ಅವನ ಅಂಗೈ ನಂಬಿಕೊಂಡು. ಇಂಜೆಕ್ಟರ್ ಅಂದರೆ ಇಂಜಿನ್ನಿನ ಒಳಗೆ ಡೀಸೆಲ್ಲನ್ನು ಮಂಜಿನ ಹಾಗೆ ಎರಚುವ ಸಾಮಾನು. ಅದರ ತುದಿಗೆ ನಾಜಲ್ ಇರುತ್ತದೆ. ರಿಪೇರಿ ಆದ ಮೇಲೆ ಅದನ್ನು ಟೆಸ್ಟರಿಗೆ ಕೂರಿಸಿ ಲಿವರ್ ಎಳೆದರೆ ತುದಿಯಿಂದ ಡೀಸೆಲ್ ಚಿಮ್ಮುತ್ತದೆ. ಎಷ್ಟು ಪ್ರೆಷರಿಗೆ ಚಿಮ್ಮಿತು ಎಂದು ಎಲ್ಲರೂ ಗೇಜು ನೋಡುತ್ತಾರೆ. ಮುರಿಗೆಪ್ಪನ ಗೇಜಿನ ಮುಳ್ಳು ಯಾವ ಕಾಲದಲ್ಲೋ ನಿಂತುಹೋಗಿತ್ತು, ಅವನು ಸರಿ ಮಾಡಿಸಲಿಲ್ಲ. ಎಡಗೈಯಲ್ಲಿ ಲಿವರ್ ಎಳೆದು, ನಾಜಲ್ಲಿನಿಂದ ಒಂದು ಗೇಣು ಕೆಳಗೆ ಬಲ ಅಂಗೈ ಒಡ್ಡುತ್ತಿದ್ದ. ಹನಿ ತಾಗಿದರೆ ಕೆಟ್ಟದ್ದು, ಉಸಿರು ಬಿಟ್ಟ ಹಾಗೆ ಸವರಿಕೊಂಡು ಹೋದರೆ ಒಳ್ಳೆಯದು. ರಾಣೆಬೆನ್ನೂರಿನಲ್ಲಿ ಅವನ ಗುರುವೂ ಹೀಗೇ ನೋಡುತ್ತಿದ್ದನಂತೆ. ಗಿರಾಕಿಗಳಿಗೂ ಇದೇ ಬೇಕಿತ್ತು. ಮುರಿಗೆಪ್ಪ ಕಣ್ಣು ಮುಚ್ಚಿ "ಛಲೋ ಐತಿ" ಅಂದರೆ ಸಾಕು, ಎರಡನೇ ಮಾತಿಲ್ಲದೆ ಇಂಜಿನ್ನಿಗೆ ಕೂರಿಸುತ್ತಿದ್ದರು.

ತೊಂಬತ್ತಾರರ ಬೇಸಿಗೆಯಲ್ಲಿ ಪಟ್ಟಂದೂರು ಅಗ್ರಹಾರದ ವೆಂಕಟೇಶಪ್ಪ ಬಂದ. ಅವನ ಹೊಲದಲ್ಲಿ ಹೆಚ್ಚಿನ ಪಾಲು ಕಂಪನಿಗಳ ಕಟ್ಟಡಕ್ಕೆ ಹೋಗಿತ್ತು. ಉಳಿದ ತುಂಡಿನಲ್ಲಿ ಬೋರ್‌ವೆಲ್ ಕೊರೆಸಿ, ಒಂದು ಮುದಿ ಲಾರಿಗೆ ಟ್ಯಾಂಕ್ ಕೂರಿಸಿ, ಅದೇ ಕಟ್ಟಡದ ಕೆಲಸಕ್ಕೆ ನೀರು ಹೊಡೆಯುತ್ತಿದ್ದ. ತೊಂದರೆ ಏನೆಂದರೆ ಸೈಟಿನ ಒಳಗೆ ಒಂದು ಏರು. ತುಂಬಿದ ಟ್ಯಾಂಕ್ ಹೊತ್ತು ಲಾರಿ ಅದನ್ನು ಹತ್ತುತ್ತಿರಲಿಲ್ಲ. ಡ್ರೈವರ್ ಏರಿನ ಬುಡದಲ್ಲಿ ಅರ್ಧ ನೀರು ಚೆಲ್ಲಿ, ಉಳಿದರ್ಧ ಮೇಲೆ ಒಯ್ಯುತ್ತಿದ್ದ. ಆ ಬೇಸಿಗೆಯಲ್ಲಿ, ಅಗ್ರಹಾರದ ಹೆಂಗಸರು ಕೊಡ ಹಿಡಿದು ಬೀದಿ ಬೀದಿ ಅಲೆಯುತ್ತಿದ್ದ ಹೊತ್ತಿನಲ್ಲಿ. ವೆಂಕಟೇಶಪ್ಪನಿಗೆ ಚೆಲ್ಲಿದ ನೀರಿನ ಚಿಂತೆ ಇರಲಿಲ್ಲ. ಅರ್ಧ ಟ್ಯಾಂಕ್ ತರುವುದಾದರೆ ನಾಳೆಯಿಂದ ಬರಬೇಡ ಎಂದು ಸೈಟಿನ ಇಂಜಿನಿಯರ್ ಹೇಳಿದ್ದ, ಅದರ ಚಿಂತೆ.

ಯಾರೋ ಅವನ ತಲೆಗೆ ತುಂಬಿದ್ದರು: ಹೊಸ ಮಾದರಿ ಲಾರಿಯ ಇಂಜೆಕ್ಟರುಗಳನ್ನು ಹಳೆಯದಕ್ಕೆ ಹಾಕಿಸು, ಪಿಕಪ್ ಬರುತ್ತದೆ. ಕಲಾಸಿಪಾಳ್ಯದಿಂದ ಒಂದು ಸೆಟ್ಟು ತಂದು ಮುರಿಗೆಪ್ಪನ ಮುಂದೆ ಸುರಿದ.

"ಮೇಸ್ತ್ರಿ, ಇದುಕ್ಕೆ ಪ್ರೆಷರ್ರು ಜಾಸ್ತಿ ಬೇಕಂತೆ. ಗೇಜು ನೋಡ್ಕಂಡೇ ಇಡ್ಬೇಕು ಅಂದ್ನಪ್ಪ ಅಂಗ್ಡಿಯೋನು."

"ಹಂಗಾರ ಆ ಅಂಗಡಿಯವನ ಕಡೇನ ಹಾಕಿಸ್ಕೊಳ್ರಿ" ಎಂದು ಮುರಿಗೆಪ್ಪ ಸಾಮಾನು ತಳ್ಳಿದ.

"ಓಗ್ಲಿ ಬುಡಪ್ಪ, ನಿನ್ ಕೈ ಮುಂದೆ ಗೇಜು ಯಾವ ಲೆಕ್ಕ" ಎಂದು ವೆಂಕಟೇಶಪ್ಪ ಪೂಸಿ ಹೊಡೆದ. ಮುರಿಗೆಪ್ಪ ಕರಗಿಹೋದ. ಹೊಗಳಿಕೆಗೆ ಇಷ್ಟು ಬೇಗ ಕರಗುವ ಬಾಯಿಬಡುಕನನ್ನು ನಾನು ಬೇರೆ ಕಂಡಿಲ್ಲ.

ಮೊದಲನೇ ಇಂಜೆಕ್ಟರ್ ಕೂರಿಸಿ ಲಿವರ್ ಎಳೆದ. ಹೊಸ ನಾಜಲ್ಲಿನ ತೂತುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಮಂಜು ಎಷ್ಟು ನವುರಾಗಿ ಬಂತೆಂದರೆ ಅವನ ಅಂಗೈಗೆ ಏನೂ ತಾಗಲಿಲ್ಲ. ಸುತ್ತ ಡ್ರೈವರುಗಳು ಟೀ ಕುಡಿಯುತ್ತ ನಿಂತು ನೋಡುತ್ತಿದ್ದರು. ಪ್ರೆಷರ್ ಏರಿಸುವ ಸ್ಕ್ರೂ ಇನ್ನಷ್ಟು ಬಿಗಿ ಮಾಡಿದ, ಎಳೆದ. ಆಗಲೂ ಕೈಗೆ ಏನೂ ಗೊತ್ತಾಗಲಿಲ್ಲ. ಗೇಜು ಸರಿಯಿದ್ದಿದ್ದರೆ ಪ್ರೆಷರ್ ಎಲ್ಲಿಗೆ ಮುಟ್ಟಿದೆ ಅಂತ ಕೂಗಿ ಹೇಳುತ್ತಿತ್ತು. ಅವನು ಕೈಯನ್ನು ಇನ್ನೂ ಹತ್ತಿರ ತಂದ, ತುದಿಗೆ ತಾಗುವಷ್ಟು ಹತ್ತಿರ, ಮತ್ತೆ ಎಳೆದ.

ಚಕ್ಕನೆ ಕೈ ಹಿಂದಕ್ಕೆ ತೆಗೆದುಕೊಂಡ. ತೋರುಬೆರಳಿನ ಬುಡದಲ್ಲಿ ಸೂಜಿಮೊನೆಯಷ್ಟು ಗುರುತು, ರಕ್ತ ಕೂಡ ಇಲ್ಲ.

"ಏನಾಯ್ತು ಗುರು, ಸೊಳ್ಳೆ ಕಚ್ತಾ?" ಎಂದ ಒಬ್ಬ ಡ್ರೈವರ್. ಎಲ್ಲರೂ ನಕ್ಕರು. ಮುರಿಗೆಪ್ಪನೂ ನಕ್ಕು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಉಳಿದ ಇಂಜೆಕ್ಟರುಗಳನ್ನೂ ಅದೇ ಬಿಗಿಗೆ ಕೂರಿಸಿದ. ಮಧ್ಯಾಹ್ನದ ಹೊತ್ತಿಗೆ ಲಾರಿ ತುಂಬಿದ ಟ್ಯಾಂಕ್ ಹೊತ್ತು ಏರು ಹತ್ತಿತು. ವೆಂಕಟೇಶಪ್ಪ ಬೇಕರಿಯಿಂದ ದಿಲ್‌ಪಸಂದ್ ತಂದು ಎಲ್ಲರಿಗೂ ಹಂಚಿದ. ಮುರಿಗೆಪ್ಪ ಎಡಗೈಯಲ್ಲಿ ಇಸಿದುಕೊಂಡ. ಬಲಗೈಯ ಬೆರಳು ಆಗಲೇ ಮಡಿಸಲು ಬರುತ್ತಿರಲಿಲ್ಲ.

ಸಂಜೆಗೆ ಬೆರಳು ಬಾಳೆಕಾಯಿಯ ಹಾಗೆ ಊದಿ ಬಿಳಿಚಿಕೊಂಡಿತು. ಅವನ ಹೆಂಡತಿ ಮಹಾದೇವಿ ಅಂಗಡಿಗೇ ಬಂದು ನಿಂತಳು.

"ದವಾಖಾನಿಗೆ ಹೋಗೂಣ, ನಡೀರಿ."

"ಸುಮ್ನಿರು. ಮುರಿಗೆಪ್ಪನ ಕೈಗೆ ನಾಜಲ್ ಹೊಡೀತು ಅಂತ ಊರಿಗೆಲ್ಲ ಡಂಗುರಾ ಸಾರಬೇಕೇನು?"

ಹೋಗಲಿಲ್ಲ. ಅರಿಸಿನ ಮೆತ್ತಿಕೊಂಡು ಮಲಗಿದ. ಮಾರನೇ ದಿನ ನೋವು ತಡೆಯಲಾರದೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದರೆ, ಅಲ್ಲಿನ ಡಾಕ್ಟರು ಗುರುತು ನೋಡಿ, "ಇಷ್ಟಕ್ಕೆ ಯಾಕ್ರೀ ಇಷ್ಟು ಒದ್ದಾಡ್ತೀರಾ?" ಎಂದು ಒಂದು ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಏನಾಯಿತೆಂದು ಇವನೂ ಸರಿಯಾಗಿ ಹೇಳಲಿಲ್ಲ, ಮೊಳೆ ಚುಚ್ಚಿತು ಅಂದಿದ್ದ. ಅದರ ಮಾರನೇ ದಿನ ಬೆರಳು ಕಪ್ಪಾಯಿತು, ವಾಸನೆ ಬಂತು.

ದೊಡ್ಡಾಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದವನು ನಾನೇ. ಅಲ್ಲಿ ಮಹಾದೇವಿ ನಿಜ ಹೇಳಿಬಿಟ್ಟಳು. ಡಾಕ್ಟರ್ ಅವನ ಕೈಯನ್ನು ಮೇಲೆತ್ತಿ ಹಿಡಿದು, ಸುತ್ತ ನಿಂತ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಪಾಠ ಮಾಡಿದರು. ಪಾಠ ಮುಗಿಸಿ ನಮಗೆ ಕನ್ನಡದಲ್ಲಿ ಹೇಳಿದರು: "ಡೀಸೆಲ್ ಒಳಗೆ ಹೊಕ್ಕಿದೆ. ಚರ್ಮದ ಕೆಳಗೆ ಹರ್ಕೊಂಡು ಹೋಗಿ ಮಾಂಸ ಎಲ್ಲ ಕೊಳೆಸಿದೆ. ಅವತ್ತೇ ಬಂದಿದ್ರೆ ಕುಯ್ದು ತೊಳೀತಿದ್ವಿ. ಕೈ ಉಳೀತಿತ್ತು." ಮುರಿಗೆಪ್ಪ ಬೇರೆ ಯಾರಿಗೋ ಹೇಳಿದ ಮಾತು ಕೇಳಿಸಿಕೊಂಡವನ ಹಾಗೆ ಕೂತಿದ್ದ. ಎರಡು ಬೆರಳು, ಜೊತೆಗೆ ಅಂಗೈಯ ಅರ್ಧ ಭಾಗ ತೆಗೆದರು.

ಅಂಗಡಿ ಮತ್ತೆ ತೆಗೆದಾಗ ಮಹಾದೇವಿಯೂ ಜೊತೆಗೆ ಬಂದಳು. ಅವಳು ಸ್ಪಾನರ್ ಹಿಡಿಯುವಳು, ಬಿಚ್ಚುವಳು, ಲಿವರ್ ಎಳೆಯುವಳು. ಅವನು ಕೂತು ಹೇಳುವನು. ಟೆಸ್ಟರಿಗೆ ಹೊಸ ಗೇಜು ಹಾಕಿಸಿದ್ದರು. ಕೆಲಸ ಮೊದಲಿಗಿಂತ ಚೊಕ್ಕವಾಗಿ ಆಗುತ್ತಿತ್ತು ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಗಿರಾಕಿ ಮಾತ್ರ ಬರಲಿಲ್ಲ. ಬಂದ ಒಬ್ಬಿಬ್ಬರೂ ಗೇಜು ನೋಡಿ, ಅವನ ಕೈ ನೋಡಿ, ಟೀ ಕುಡಿದು ಬರುತ್ತೇವೆ ಎಂದು ಹೋಗಿಬಿಡುತ್ತಿದ್ದರು. ಮುರಿಗೆಪ್ಪ ಯಾರನ್ನೂ ಬೈಯಲಿಲ್ಲ. ಆ ಅಂಗಡಿ ಅಷ್ಟು ತೆಪ್ಪಗಿರುವುದು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಆಮೇಲೊಂದು ದಿನ ವೆಂಕಟೇಶಪ್ಪ ಬಂದ. ಲಾರಿ ಕಪ್ಪು ಹೊಗೆ ಕಾರುತ್ತಿತ್ತು. ಹಿಂದೆ ಇನ್ನೂ ಕೆಲವು ಡ್ರೈವರುಗಳು ಏನಾಗುತ್ತದೋ ನೋಡೋಣ ಎಂದು ಬಂದು ನಿಂತರು. ಮಹಾದೇವಿ ಇಂಜೆಕ್ಟರ್ ಬಿಚ್ಚಿ ತೊಳೆದು ಟೆಸ್ಟರಿಗೆ ಕೂರಿಸಿ ಎಳೆದಳು.

"ಸರಿ ಐತ್ರಿ ಸಾವ್ಕಾರ್ರ, ನೋಡ್ರಿ" ಎಂದು ಮುರಿಗೆಪ್ಪ ಗೇಜಿನ ಮುಳ್ಳು ತೋರಿಸಿದ.

"ಮೀಟ್ರು ನೋಡಕ್ಕೆ ನೀನೇ ಬೇಕಾ ಮೇಸ್ತ್ರಿ? ನಮ್ ಡ್ರೈವ್ರೂ ನೋಡ್ತಾನೆ. ನಿನ್ ಅತ್ರ ಬರೋದು ಕೈಗಲ್ವಾ?"

"ಕೈ ಎಲ್ಲಿ ಉಳದೈತ್ರೀ?"

"ಎಡಗೈ ಐತಲ್ಲ."

ದ್ವೇಷದಿಂದ ಹೇಳಿದ್ದಲ್ಲ. ಈ ಕುರ್ಚಿ ಮುರಿದಿದ್ದರೆ ಆ ಕುರ್ಚಿ ಹಾಕು ಅಂದ ಹಾಗೆ ಹೇಳಿದ. ನನಗೆ ಮೈ ಉರಿದುಹೋಯಿತು. "ಗೇಜು ಸರಿಯಾಗೇ ತೋರಿಸ್ತಿದೆಯಲ್ಲ ಸ್ವಾಮಿ" ಅಂದೆ. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಮುರಿಗೆಪ್ಪನನ್ನೇ ನೋಡುತ್ತಿದ್ದರು.

ಅವನು ಬಾಗಿಲಲ್ಲಿ ನಿಂತ ಡ್ರೈವರುಗಳನ್ನು ಒಂದು ಸಲ ನೋಡಿದ. ಎದ್ದು ಬಂದು ನಾಜಲ್ಲಿನ ಕೆಳಗೆ ಎಡಗೈ ಒಡ್ಡಿದ.

"ಎಳಿ" ಎಂದ.

ಮಹಾದೇವಿ ಲಿವರ್ ಬಿಟ್ಟು ಹಿಂದೆ ಸರಿದಳು.

"ಎಳಿ ಅಂದ್ನಿ. ಮಂದಿ ನಿಂತಾರ."

ಅವಳು ಎಳೆದಳು. ಏನೂ ಆಗಲಿಲ್ಲ. ಅವನು ಕಣ್ಣು ಮುಚ್ಚಿ, "ಛಲೋ ಐತಿ" ಎಂದ. ಎಡಗೈಗೆ ಒಂದಿಷ್ಟೂ ಗೊತ್ತಾಗುವುದಿಲ್ಲ, ಬಲಗೈ ಪಳಗಲು ಅರ್ಧ ಆಯುಷ್ಯ ಹಿಡಿದಿತ್ತು ಎಂದು ಆಮೇಲೆ ಅವನೇ ನನಗೆ ಹೇಳಿದ. ವೆಂಕಟೇಶಪ್ಪ ಸಮಾಧಾನವಾಗಿ ಇಂಜೆಕ್ಟರ್ ಎತ್ತಿಕೊಂಡು ಹೋದ.

ಗಿರಾಕಿಗಳು ಎಲ್ಲ ವಾಪಸ್ ಬಂದರು. ಮುರಿಗೆಪ್ಪ ಮತ್ತೆ ಜೋರಾಗಿ ಬೈಯುತ್ತಾನೆ, ಬೈಸಿಕೊಂಡವರು ನಗುತ್ತಾರೆ. ಪ್ರತಿಯೊಂದು ನಾಜಲ್ಲಿಗೂ ಅವನು ಎಡಗೈ ಒಡ್ಡುತ್ತಾನೆ, ಮಹಾದೇವಿ ಲಿವರ್ ಎಳೆಯುತ್ತಾಳೆ.